ನನ್ನ ಹೆಂಡತಿ ಮನೆ ಬಿಟ್ಟು ಹೋಗುವ ಹಾಡು

ಗಿಟಾರಿನ ತಂತಿ ಹರಿಯಬಹುದಿತ್ತು. ಮೈಕು ಕುಂಯ್ಯೆನ್ನಬಹುದಿತ್ತು. ಫೋರ್-ಓ-ವನ್ ಹೆದ್ದಾರಿಯಲ್ಲಿ ಯಾವುದೋ ಟ್ರೇಲರ್ ಅಡ್ಡ ಮಲಗಿ, ನಾವು ಕಾರ್ಯಕ್ರಮದ ಊರು ಒಶಾವಾ ತಲುಪುವ ಹೊತ್ತಿಗೆ ಜನ ಮನೆಗೆ ಹೊರಟಿರಬಹುದಿತ್ತು. ಹಿಮ ಬೀಳಬಹುದಿತ್ತು. ಅದಕ್ಕಿಂತ ಕೆಟ್ಟದ್ದು, ನೆಲ ಮುಟ್ಟುತ್ತಲೇ ಗಾಜಾಗುವ ಆ ದರಿದ್ರ ಮಳೆ ಬೀಳಬಹುದಿತ್ತು. ನನ್ನ ಹೆಂಡತಿಯ ಗಂಟಲು ಕಟ್ಟಬಹುದಿತ್ತು. ಯಾರೂ ಬಾರದೆ ಇರಬಹುದಿತ್ತು. ತುಂಬಾ ಜನ ಬಂದು ಫೈರ್ ಇನ್‌ಸ್ಪೆಕ್ಟರ್ ಬಾಗಿಲು ಹಾಕಿಸಬಹುದಿತ್ತು. ಪೆಡಲ್ ಸ್ಟೀಲ್ ಗಿಟಾರ್ ನುಡಿಸುವ ಗ್ಲೆನ್‌ನ ಮೊಣಕಾಲು ಕೈಕೊಡಬಹುದಿತ್ತು. (ಆ ವಾದ್ಯವನ್ನು ಕೈಯಿಂದಷ್ಟೇ ಅಲ್ಲ, ಮೊಣಕಾಲಿನಿಂದಲೂ ನುಡಿಸಬೇಕು. ಗ್ಲೆನ್‌ಗೆ ಎಪ್ಪತ್ತೊಂದು.) ನಮ್ಮ ಗಿರಿಜಕ್ಕ ಹಾಡಿನ ಮಧ್ಯೆಯೇ ವೇದಿಕೆ ಹತ್ತಿ ಶಾಲು ಹೊದಿಸಬಹುದಿತ್ತು.

ಇಷ್ಟೂ ನನ್ನ ಎಕ್ಸೆಲ್ ಶೀಟಿನಲ್ಲಿತ್ತು. ಒಟ್ಟು ಮೂವತ್ತೊಂದು ಸಾಲು.

ನಗಬೇಡಿ. ನನ್ನ ಅನ್ನವೇ ಅದು. ಮೆಡೋವೇಲ್‌ನ ಆಫೀಸಿನಲ್ಲಿ ಕೂತು ಸಾಫ್ಟ್‌ವೇರ್ ಪ್ರಾಜೆಕ್ಟುಗಳಿಗೆ ರಿಸ್ಕ್ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಏನು ಕೆಡಬಹುದು? ಕೆಡುವ ಸಾಧ್ಯತೆ ಎಷ್ಟು? ಕೆಟ್ಟರೆ ಪೆಟ್ಟು ಎಷ್ಟು? ಹೊಣೆ ಯಾರದು? ಇಪ್ಪತ್ತೆರಡು ವರ್ಷದಿಂದ ಇದನ್ನೇ ಬರೆದು ಬರೆದು ನಾನು ಹೀಗಾದೆನೋ, ನಾನು ಹೀಗಿದ್ದದ್ದಕ್ಕೆ ಈ ಕೆಲಸ ಸಿಕ್ಕಿತೋ, ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಒಶಾವಾ ಕಾರ್ಯಕ್ರಮದ ಶೀಟಿನಲ್ಲಿ ‘ಹೊಣೆ’ ಅನ್ನುವ ಕಾಲಮ್ಮಿನಲ್ಲಿ ಮೂವತ್ತೊಂದು ಸಾಲಿಗೂ ಒಬ್ಬನದೇ ಹೆಸರಿತ್ತು. ನನ್ನದು.

ಕಾರ್ಯಕ್ರಮ ನನ್ನ ಹೆಂಡತಿಯದು. ಸವಿತಾ. ಊರು ಬೆಳಗಾವಿ. ವಯಸ್ಸು ನಲವತ್ತೊಂಬತ್ತು. ಹನ್ನೆರಡು ವರ್ಷದಿಂದ ಮಿಸ್ಸಿಸ್ಸಾಗಾದಲ್ಲಿ ಹಳದಿ ಸ್ಕೂಲ್ ಬಸ್ಸು ಓಡಿಸುತ್ತಾಳೆ. ಕಳೆದ ಸೆಪ್ಟೆಂಬರಿನಿಂದ ಕಂಟ್ರಿ ಸಿಂಗರ್ ಕೂಡ. ಮೊದಲ ಆಲ್ಬಮ್ಮೇ ಹಿಟ್.

ಕಂಟ್ರಿ ಅಂದರೆ ಗೊತ್ತಲ್ಲ? ದೊಡ್ಡ ಟೋಪಿ, ಬೂಟು, ಪಿಕಪ್ ಟ್ರಕ್ಕು, ನಾಯಿ, ಒಡೆದ ಮನಸ್ಸು. ಆ ಸಂಗೀತವೇ.

ಹೇಗಾಯ್ತು ಅಂತ ಎಲ್ಲರೂ ಕೇಳುತ್ತಾರೆ. ಬೆಳಗಿನ ಟ್ರಿಪ್ಪು ಒಂಬತ್ತಕ್ಕೆ ಮುಗಿಯುತ್ತದೆ. ಮಕ್ಕಳನ್ನು ವಾಪಸ್ ಕರೆತರುವ ಟ್ರಿಪ್ಪು ಎರಡೂವರೆಗೆ. ನಡುವೆ ಉಳಿದವರು ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಇವಳು ಬಸ್ಸನ್ನು ಡಿಪೋದ ಮೂಲೆಯಲ್ಲಿ ನಿಲ್ಲಿಸಿ ಒಳಗೇ ಕೂರುತ್ತಿದ್ದಳು. ಬಸ್ಸಿನ ಹಳೆಯ ರೇಡಿಯೋದಲ್ಲಿ ಸರಿಯಾಗಿ ಹಿಡಿಯುತ್ತಿದ್ದದ್ದು ಒಂದೇ ಸ್ಟೇಷನ್ನು, ಕಂಟ್ರಿ. ಕೇಳಿ ಕೇಳಿ ಅಂಟಿಕೊಂಡಿತು. ಅದೇ ಡಿಪೋದಲ್ಲಿ ಡ್ರೈವರಾಗಿದ್ದ ಗ್ಲೆನ್ ಒಂದು ಹಳೆಯ ಗಿಟಾರು ಕೊಟ್ಟು ಮೂರು ಕಾರ್ಡು (ಸ್ವರಗುಚ್ಛ) ಕಲಿಸಿದ. ಇಷ್ಟು ಸಾಕು, ಉಳಿದದ್ದು ಸಂಕಟ ಇದ್ದರೆ ತಾನೇ ಬರುತ್ತದೆ ಅಂದನಂತೆ. ಆಮೇಲೆ ಅವನು ರಿಟೈರಾಗಿ ತನ್ನೂರು ಒಶಾವಾಗೆ ಹೋದ. ಅವನ ಗರಾಜಿನಲ್ಲೇ ಆಲ್ಬಮ್ ರೆಕಾರ್ಡಾಯಿತು.

ಸಂಕಟ ಎಲ್ಲಿಂದ ಬಂತು? ಆಗ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ನಾನು ಕೇಳಿದ್ದು ಇಷ್ಟೇ: ಗಿಟಾರಿಗೆ ಇನ್ಶೂರೆನ್ಸ್ ಇದೆಯಾ?

ಇಷ್ಟೆಲ್ಲಾ ಬಿಟ್ಟು ಇದೇ ಸಂಗೀತ ಯಾಕೆ ಅಂತ ಒಮ್ಮೆ ಕೇಳಿದ್ದೆ. ಅವಳು ಆಶ್ಚರ್ಯಪಟ್ಟಳು. “ಇದ್ರಾಗ ಎಲ್ಲಾ ನಮ್ಮ ಕಡೀವ ಅದಾವಲ್ರೀ. ಹೊಲ, ನಾಯಿ, ಟ್ರಕ್ಕು, ಸಿಟ್ಟು.”

ಆಲ್ಬಮ್ಮಿನ ಹೆಸರು ‘ಸ್ಟಾಪ್ ಆರ್ಮ್’. ಮಕ್ಕಳು ಇಳಿಯುವಾಗ ಬಸ್ಸಿನ ಪಕ್ಕದಿಂದ ಹೊರಗೆ ಚಾಚುವ ಕೆಂಪು ತೋಳು. ಅದು ಚಾಚಿದರೆ ರಸ್ತೆಯ ಎರಡೂ ಕಡೆ ಎಲ್ಲರೂ ನಿಲ್ಲಲೇಬೇಕು. ಸೆಪ್ಟೆಂಬರಿನಲ್ಲಿ ಬಂತು. ಮೊದಲು ಒಂದು ರೇಡಿಯೋ ಸ್ಟೇಷನ್ ಹಾಕಿತು. ಆಮೇಲೆ ಪಶ್ಚಿಮದ ಪ್ರಾಂತ್ಯಗಳವರು ಹಾಕಿದರು. ಯಾರೋ ದೂರದೂರ ಸರಕು ಸಾಗಿಸುವ ಟ್ರಕ್ ಡ್ರೈವರುಗಳು, ಮುಖ ನೋಡದವರು, ಗೋಧಿ ಹೊಲಗಳ ನಡುವಿನಿಂದ ನನ್ನ ಹೆಂಡತಿಗೆ ಇಮೇಲ್ ಬರೆದು ಅತ್ತುಬಿಟ್ಟೆ ಅಂತ ಹೇಳಿಕೊಳ್ಳತೊಡಗಿದರು. ಬೇಸಿಗೆಯ ಫೆಸ್ಟಿವಲ್ಲುಗಳಿಂದ ಕರೆ ಬಂತು.

ಎಲ್ಲರೂ ಅಳುತ್ತಿದ್ದದ್ದು ಒಂದೇ ಹಾಡಿಗೆ. ಐದನೆಯದು. ‘ಚೆಕ್ಡ್ ಎವ್ರಿಥಿಂಗ್’.

ಹಾಡು ಇಂಗ್ಲಿಷಿನಲ್ಲಿದೆ, ಸಾರಾಂಶ ಹೇಳುತ್ತೇನೆ. ಒಬ್ಬ ಗಂಡ. ಮಲಗುವ ಮುಂಚೆ ಬಾಗಿಲಿನ ಬೀಗ ನೋಡುತ್ತಾನೆ. ಒಲೆ ಆಫ್ ಆಗಿದೆಯಾ ನೋಡುತ್ತಾನೆ. ನಾಳೆಯ ಹವಾಮಾನ ನೋಡುತ್ತಾನೆ. ಟ್ರಕ್ಕಿನ ಟೈರಿನ ಗಾಳಿ ನೋಡುತ್ತಾನೆ. ಎಲ್ಲವನ್ನೂ ನೋಡುತ್ತಾನೆ, ಮಂಚದ ಆ ತುದಿಯಲ್ಲಿ ಕೂತವಳನ್ನು ಬಿಟ್ಟು. ಕೊನೇ ಚರಣದಲ್ಲಿ ಅವಳು ಅವನ ಟ್ರಕ್ಕಿನ ಕೀಲಿ ತೆಗೆದುಕೊಂಡು ಪಶ್ಚಿಮಕ್ಕೆ ಹೊರಟುಬಿಡುತ್ತಾಳೆ. ಟೈರಿನಲ್ಲಿ ಗಾಳಿ ಸರಿಯಾಗಿದೆ. ಅದಕ್ಕೆ ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ.

ಮೊದಲ ಸಲ ಇದನ್ನು ಕೇಳಿದ್ದು ಕಾರಿನಲ್ಲಿ, ಒಬ್ಬನೇ. ಆಫೀಸಿನ ಪಾರ್ಕಿಂಗಿನಲ್ಲಿ ಇಪ್ಪತ್ತು ನಿಮಿಷ ಇಳಿಯಲಿಲ್ಲ.

ಆಮೇಲೆ ನನಗೆ ನಾನೇ ವಕೀಲನಾದೆ. ನಮ್ಮ ಮನೆಯಲ್ಲಿ ಪಿಕಪ್ ಟ್ರಕ್ಕೇ ಇಲ್ಲ, ಇರುವುದು ಹೈಬ್ರಿಡ್ ಕಾರು. ಹಾಡಿನ ಗಂಡ ಒಲೆಯನ್ನು ನಾಲ್ಕು ಸಲ ನೋಡುತ್ತಾನೆ. ನಾನು ನೋಡುವುದು ಮೂರೇ ಸಲ. ಆದ್ದರಿಂದ ಅವನು ನಾನಲ್ಲ.

ನಾನಲ್ಲ ತಾನೇ?

ನಮ್ಮ ಜನಕ್ಕೆ ಇಂಥ ಸಂದೇಹಗಳಿರಲಿಲ್ಲ. ಕಂಟ್ರಿ ಕೇಳಿ ಬೆಳೆದವರಿಗೆ ಗೊತ್ತು, ಅಲ್ಲಿ ಪ್ರತಿ ಮೂರನೇ ಹಾಡಿನಲ್ಲಿ ಯಾರೋ ಯಾರನ್ನೋ ಬಿಟ್ಟು ಹೋಗುತ್ತಾರೆ. ಅದು ಅಲ್ಲಿನ ರಿವಾಜು. ನಮ್ಮವರಿಗೆ ಅದೆಲ್ಲ ಗೊತ್ತಿಲ್ಲ. ನಮ್ಮವರು ಆಲ್ಬಮ್ಮನ್ನು ಸಂಸಾರದ ಸಮಾಚಾರ ಅಂತ ಕೇಳಿದರು. ಊರಿಂದ ಬಂದ ಪತ್ರ ಓದಿದ ಹಾಗೆ.

ಎರಡು ಬೀದಿ ಆಚೆ ಇರುವ ಹುಬ್ಬಳ್ಳಿಯ ಗಿರಿಜಕ್ಕ ಒಂದು ಸಂಜೆ ಬಾಗಿಲು ತಟ್ಟಿದರು. ಕೈಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಬ್ಬನಿಗೆ ನಾಲ್ಕು ದಿನ ಸಾಕಾಗುವಷ್ಟು. ನನ್ನನ್ನು ಆಸ್ಪತ್ರೆಯಿಂದ ಬಂದವನ ಹಾಗೆ ನೋಡಿದರು. “ಊಟದ ಚಿಂತಿ ಮಾಡಬ್ಯಾಡ್ರಿ,” ಅಂದರು. ಅಷ್ಟರಲ್ಲಿ ಒಳಗಿನಿಂದ ಸವಿತಾ ಬಂದು, ಗಿರಿಜಕ್ಕಾ ಬರ್ರಿ, ಚಾ ಕುಡೀರಿ ಅಂದಳು. ಗಿರಿಜಕ್ಕನ ಮುಖದಲ್ಲಿ ಆದ ಗಲಿಬಿಲಿ ನೋಡಬೇಕಿತ್ತು. ಪಶ್ಚಿಮಕ್ಕೆ ಹೋದವಳು ಅಡುಗೆಮನೆಯಲ್ಲಿದ್ದಾಳೆ. ಡಬ್ಬಿ ವಾಪಸ್ ತೆಗೆದುಕೊಂಡು ಹೋಗಲೂ ಆಗದೆ, ಬಿಟ್ಟು ಹೋಗಲೂ ಆಗದೆ, ಪಾಪ, ಕೂತು ನಮ್ಮ ಜೊತೆಯಲ್ಲೇ ಊಟ ಮಾಡಿಕೊಂಡು ಹೋದರು.

ಮಾರ್ಕಮ್‌ನ ಪ್ರಸಾದ್ ಇನ್ನೂ ನಾಜೂಕು. ಬೆಂಗಳೂರಿನವರು, ಸಾಫ್ಟ್‌ವೇರು. ಕಾಫಿಗೆ ಕರೆದು ಮುಕ್ಕಾಲು ಗಂಟೆ ಮಾರ್ಟ್‌ಗೇಜ್ ಬಗ್ಗೆ ಮಾತಾಡಿ, ಎದ್ದು ನಿಂತಾಗ ದನಿ ತಗ್ಗಿಸಿ, “ಸರ್, ತಪ್ಪು ತಿಳ್ಕೋಬೇಡಿ, ನಮಗೂ ಒಂದ್ ಟೈಮಲ್ಲಿ ಕೌನ್ಸೆಲಿಂಗ್ ತುಂಬಾ ಹೆಲ್ಪ್ ಆಯ್ತು,” ಅಂದರು. ಹದಿನೈದು ವರ್ಷದ ಪರಿಚಯದಲ್ಲಿ ಪ್ರಸಾದ್ ನನ್ನ ಹತ್ತಿರ ಹೇಳಿಕೊಂಡ ಮೊದಲ ಸ್ವಂತ ವಿಷಯ ಅದು. ಇದೂ ಆಲ್ಬಮ್ಮಿನ ಯಶಸ್ಸೇ ಅಲ್ಲವೇ?

ಮಗಳು ನಿಧಿಗೆ ಇಪ್ಪತ್ತು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನ ಹಾಡಿನಲ್ಲಿರುವ ಆ ಗಂಡಸು ಯಾರಮ್ಮ ಅಂತ ಮೆಲ್ಲಗೆ ಕೇಳಿದೆ. ಅವಳು ಫೋನಿನಿಂದ ಕಣ್ಣೆತ್ತಲಿಲ್ಲ. “ಡ್ಯಾಡ್, ಇಟ್ಸ್ ಅ ಸಾಂಗ್. ನಾಟ್ ಅ ಅಫಿಡವಿಟ್.”

ಸರಿ. ಆದರೆ ಅಫಿಡವಿಟ್ ಆದರೆ ಓದಿ ಸಹಿ ಹಾಕಬಹುದು, ಇಲ್ಲ ಅನ್ನಬಹುದು. ಹಾಡಿಗೆ ಏನು ಮಾಡುವುದು?

ನಮ್ಮ ಪೀಳಿಗೆಯ ಗಂಡಸರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾವು ಪ್ರೀತಿಯನ್ನು ಬಾಯಿಬಿಟ್ಟು ಹೇಳುವವರಲ್ಲ. ನಮ್ಮ ಪ್ರೀತಿ ವಿಂಟರ್ ಟೈರಿನಲ್ಲಿದೆ. ಅಕ್ಟೋಬರ್ ಕೊನೇ ವಾರ ತಪ್ಪದೆ ಹೆಂಡತಿಯ ಕಾರಿಗೆ ಹಿಮದಲ್ಲಿ ಜಾರದ ವಿಂಟರ್ ಟೈರ್ ಹಾಕಿಸುತ್ತೇವೆ. ಬೆಳಿಗ್ಗೆ ಐದಕ್ಕೆದ್ದು ಡ್ರೈವ್‌ವೇಯ ಹಿಮ ತೆಗೆಯುತ್ತೇವೆ. ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಿಸುತ್ತೇವೆ. ತಲುಪಿದ ಮೇಲೆ ಮೆಸೇಜ್ ಮಾಡು ಅನ್ನುತ್ತೇವೆ. ಇದೆಲ್ಲಾ ಸೇರಿಸಿದರೆ ಒಂದು ಪ್ರೇಮಪತ್ರ ಆಗುತ್ತದೆ ಅಂತ ನಾನು ಇಪ್ಪತ್ತನಾಲ್ಕು ವರ್ಷದಿಂದ ನಂಬಿಕೊಂಡಿದ್ದೆ. ಪತ್ರ ತಲುಪಿತಾ ಅಂತ ಮಾತ್ರ ವಿಚಾರಿಸಿರಲಿಲ್ಲ.

(ನನಗೆ ಗೊತ್ತು, ಇದನ್ನು ಓದುತ್ತಿರುವ ಕೆಲವರು ಈಗ ಪಕ್ಕಕ್ಕೆ ತಿರುಗಿ ನೋಡುತ್ತಿದ್ದೀರಿ. ನೋಡಿ. ತಡ ಮಾಡಬೇಡಿ.)

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ನಾನು ಅವಳನ್ನೇ ಕೇಳಲಿಲ್ಲ. ಐದು ತಿಂಗಳು. ದಿನಾ ರಾತ್ರಿ ಒಲೆ ನೋಡಲು ಹೋಗುತ್ತಿದ್ದವನು ಅರ್ಧ ದಾರಿಯಲ್ಲಿ ನಿಲ್ಲತೊಡಗಿದೆ. ನೋಡಿದರೆ ಹಾಡಿನವನಾಗುತ್ತೇನೆ. ನೋಡದಿದ್ದರೆ ನಿದ್ದೆ ಬರುವುದಿಲ್ಲ. ಕೊನೆಗೆ ನೀರು ಕುಡಿಯುವ ನೆಪದಲ್ಲಿ ಹೋಗಿ ಓರೆಗಣ್ಣಿನಿಂದ ನೋಡಿ ಬರುತ್ತಿದ್ದೆ.

ಒಶಾವಾ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಮೂರಕ್ಕೆ. (ಸೋಮವಾರ ಬೆಳಿಗ್ಗೆ ಆರಕ್ಕೆ ಬಸ್ಸು ತೆಗೆಯಬೇಕಲ್ಲ. ಸ್ಟಾರಾದರೂ ಶಿಫ್ಟು ಶಿಫ್ಟೇ.) ಶುಕ್ರವಾರ ಸಂಜೆ ಅವಳು ಚಪಾತಿ ಲಟ್ಟಿಸುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಮುಖ ಹಂಚಿನ ಕಡೆಗಿದ್ದರೆ ಕೇಳುವುದು ಸುಲಭ. ಕೇಳಿಬಿಟ್ಟೆ. ನೇರವಾಗಿ ಅಲ್ಲ. ನೇರವಾಗಿ ಕೇಳುವ ಧೈರ್ಯವಿದ್ದಿದ್ದರೆ ನಾನು ಈ ಅಂಕಣ ಯಾಕೆ ಬರೆಯುತ್ತಿದ್ದೆ?

“ಆ ಐದನೇ ಹಾಡಿನ್ಯಾಗ, ಆ ಹೆಂಗಸು ಹೋಗ್ತಾಳಲ್ಲ,” ಅಂದೆ. “ವಾಪಸ್ ಬರೂದ ಇಲ್ಲೇನು?”

ಲಟ್ಟಣಿಗೆ ನಿಂತಿತು.

“ಬರೀವಾಗ ಗೊತ್ತಿರಲಿಲ್ಲ,” ಅಂದಳು. “ಈಗ ಕೊನೇ ಚರಣ ಬ್ಯಾರೆ ಬರದೀನಿ.”

ಆಲ್ಬಮ್ಮು ಬಂದು ಐದು ತಿಂಗಳಾಯಿತಲ್ಲ, ಈಗ ಬದಲಿಸಿ ಏನುಪಯೋಗ ಅಂದೆ. ಟ್ರಕ್ ಡ್ರೈವರುಗಳು ಅತ್ತಾಗಿದೆ. ಅವಳು ನಕ್ಕಳು. ಅದು ಅವರಿಗೆ, ಇದು ಭಾನುವಾರಕ್ಕೆ ಅಂದಳು. ಎಲ್ಲಿ, ಓದು ನೋಡೋಣ ಅಂದೆ. ಓದಲಿಲ್ಲ.

“ನೀವು ಕೂತು ಕೇಳ್ರಿ. ಅಷ್ಟ ಸಾಕು. ಮತ್ತೇನೂ ಮಾಡಬ್ಯಾಡ್ರಿ.”

ಚಪಾತಿ ಹೊತ್ತಿತು. ಅವಳು ಇನ್ನೊಂದು ಲಟ್ಟಿಸಿದಳು.

ಅಂದರೆ ಭಾನುವಾರ ನನಗೆ ಉತ್ತರ ಸಿಗುತ್ತದೆ. ಬರುತ್ತಾಳೋ, ಇಲ್ಲವೋ. ನಾನು ಮಾಡಬೇಕಾದದ್ದು ಒಂದೇ: ಕೂರುವುದು. ಶನಿವಾರವಿಡೀ ನಾನು ಏನು ಮಾಡಿದೆ ಗೊತ್ತಾ? ಎಕ್ಸೆಲ್ ಶೀಟು.

ಭಾನುವಾರ ಬಂತು. ಹಿಮ ಇಲ್ಲ, ಮಳೆ ಇಲ್ಲ, ಬಿಸಿಲು. ಫೋರ್-ಓ-ವನ್ ನನ್ನ ಜೀವಮಾನದಲ್ಲಿ ಅಷ್ಟು ಖಾಲಿ ಇದ್ದದ್ದನ್ನು ನೋಡಿಲ್ಲ. ಒಂದೂವರೆಗೇ ತಲುಪಿದೆವು. ಹಳೆಯ ಸಭಾಂಗಣ, ಮರದ ನೆಲ, ಮಡಚುವ ಕುರ್ಚಿಗಳು. ಟಿಕೆಟ್ಟು ಎಲ್ಲಾ ಹೋಗಿತ್ತು. ಗ್ಲೆನ್‌ನ ಮೊಣಕಾಲು ಗಟ್ಟಿಯಾಗಿತ್ತು. ಮೈಕು ಬಾಯಿ ಮುಚ್ಚಿಕೊಂಡಿತ್ತು. ನಾನು ಹೆಚ್ಚುವರಿ ತಂತಿ, ಬೆಚ್ಚಗಿನ ನೀರು, ಜ್ಯೇಷ್ಠಮಧು, ಮೂರು ಥರದ ಬ್ಯಾಟರಿ ಹಿಡಿದುಕೊಂಡು ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ. ಯಾರಿಗೂ ಏನೂ ಬೇಕಾಗಲಿಲ್ಲ. ಇದಕ್ಕಿಂತ ಆತಂಕದ ಸ್ಥಿತಿ ಇನ್ನೊಂದಿಲ್ಲ. ಹೋಗಿ ಕೂತ್ಕೊಳ್ರಿ ಅಂತ ಸವಿತಾ ಎರಡು ಸಲ ಹೇಳಿದಳು.

ಹೋಗಿ ಕೂತೆ. ಎರಡನೇ ಸಾಲು, ದಾರಿಯ ಪಕ್ಕದ ಕುರ್ಚಿ. ನನ್ನ ಎಡಕ್ಕೆ, ಹಿಂದೆ, ಮುಂದೆ, ಎಲ್ಲಾ ನಮ್ಮವರೇ. ಗಿರಿಜಕ್ಕ, ಪ್ರಸಾದ್ ದಂಪತಿ, ಬೆಳಗಾವಿಯ ನಾಲ್ಕು ಕುಟುಂಬ. ಉಳಿದ ಸಭಾಂಗಣದ ತುಂಬಾ ಒಶಾವಾದವರು, ಟೋಪಿ, ಚೆಕ್ಸ್ ಶರ್ಟು. ನಿಧಿ ಹೊರಗೆ ಲಾಬಿಯಲ್ಲಿ ಸಿಡಿ, ಟೀ-ಶರ್ಟಿನ ಟೇಬಲ್ ನೋಡಿಕೊಳ್ಳುತ್ತಿದ್ದಳು.

ಮೊದಲ ನಾಲ್ಕು ಹಾಡು. ಹೇಗಿತ್ತು ಅಂತ ಹೇಳುವಷ್ಟು ಸಂಗೀತ ನನಗೆ ಗೊತ್ತಿಲ್ಲ. ಆದರೆ ಬಸ್ಸಿನಲ್ಲಿ ಮೂವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವವಳು ಮುನ್ನೂರು ಜನರನ್ನೂ ಹಾಗೇ ಸುಮ್ಮನಾಗಿಸಿದಳು. ಅಷ್ಟು ಗೊತ್ತಾಯಿತು.

ಐದನೆಯದು ಶುರುವಾಯಿತು. ಬೀಗ, ಒಲೆ. ಗಿರಿಜಕ್ಕ ನನ್ನ ಕಡೆ ತಿರುಗಿದರು. ಹವಾಮಾನ. ಪ್ರಸಾದ್ ತಿರುಗಿದರು, ಅವರ ಹೆಂಡತಿಯೂ ತಿರುಗಿದರು. ಟೈರು. ಬೆಳಗಾವಿಯ ನಾಲ್ಕೂ ಕುಟುಂಬ ಒಟ್ಟಿಗೆ ತಿರುಗಿತು. ವೇದಿಕೆಯ ಮೇಲೆ ಒಬ್ಬಳು ಹಾಡುತ್ತಿದ್ದಾಳೆ, ಹದಿನೆಂಟು ಕನ್ನಡದ ತಲೆಗಳು ನನ್ನ ಮುಖ ನೋಡುತ್ತಿವೆ. ನಾನು ನಗಬೇಕೋ? ಗಂಭೀರವಾಗಿರಬೇಕೋ? ತಪ್ಪಾಯಿತು ಅನ್ನುವ ಮುಖ ಹೇಗಿರುತ್ತದೆ? ಎರಡನೇ ಸಲದ ಪಲ್ಲವಿ ಬಂತು. ಇನ್ನು ಉಳಿದಿರುವುದು ಕೊನೇ ಚರಣ.

ಆಗ ನನಗೆ ಪಾರ್ಕಿಂಗ್ ನೆನಪಾಯಿತು.

ಕಾರು ನಿಲ್ಲಿಸಿದ್ದು ಸರಿಯಾದ ಜಾಗದಲ್ಲಾ? ಟೋ ಮಾಡಿಕೊಂಡು ಹೋದರೆ? ಅಷ್ಟು ಗಿಟಾರು, ಸ್ಪೀಕರು ಹಾಕಿಕೊಂಡು ಮನೆಗೆ ಹೇಗೆ ಹೋಗುವುದು? ಎದ್ದೆ. ಬಗ್ಗಿಕೊಂಡು, ದಾರಿ ಹಿಡಿದು, ಹಿಂದಿನ ಬಾಗಿಲಿನಿಂದ ಹೊರಗೆ.

ನಿಜ ಹೇಳುತ್ತೇನೆ. ಬರುವಾಗಲೇ ಅಲ್ಲಿನ ಪಾರ್ಕಿಂಗ್ ಬೋರ್ಡನ್ನು ನಾನು ಮೂರು ಸಲ ಓದಿದ್ದೆ. ಭಾನುವಾರ ಯಾರು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೋಗಿ ನಾಲ್ಕನೇ ಸಲ ಓದಿದೆ. ಕಾರಿನ ಸುತ್ತ ಒಂದು ಸುತ್ತು ಬಂದೆ. ಬೂಟಿನ ತುದಿಯಿಂದ ಟೈರು ಒತ್ತಿ ನೋಡಿದೆ. ಕೋಟು ಒಳಗೇ ಬಿಟ್ಟಿದ್ದೆ, ಗಾಳಿ ಎಲುಬಿಗೆ ತಾಗುತ್ತಿತ್ತು. ಉತ್ತರ ಒಳಗಿದೆ. ನಾನು ಹೊರಗಿದ್ದೇನೆ. ಇಲ್ಲ ಅನ್ನುವ ಉತ್ತರ ಬಂದರೆ ಹದಿನೆಂಟು ಜನರ ಮಧ್ಯೆ ಕೂತು ಕೇಳುವುದಕ್ಕಿಂತ ಚಳಿ ವಾಸಿ ಅನ್ನಿಸಿತ್ತು. ಅಥವಾ ಹೌದು ಅನ್ನುವ ಉತ್ತರ ಬಂದು ನನ್ನ ಕಣ್ಣಲ್ಲಿ ನೀರು ಬಂದರೆ? ಅದು ಇನ್ನೂ ಕಷ್ಟ.

ವಾಪಸ್ ಬಾಗಿಲು ತೆಗೆದಾಗ ಚಪ್ಪಾಳೆ. ಎಲ್ಲರೂ ಎದ್ದು ನಿಂತಿದ್ದರು. ನಾನೂ ಹಿಂದೆ ನಿಂತು ಜೋರಾಗಿ ತಟ್ಟಿದೆ. ಪಕ್ಕದಲ್ಲಿದ್ದ ದಪ್ಪ ಮೀಸೆಯ ಒಶಾವಾದ ಮನುಷ್ಯ ಟೋಪಿಯಿಂದ ಕಣ್ಣೊರೆಸಿಕೊಂಡ. ಅವನನ್ನು ಹಿಡಿದು ಕೇಳಲೇ? ಕ್ಷಮಿಸಿ ಸರ್, ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋದಳಾ, ವಾಪಸ್ ಬಂದಳಾ?

ಕಾರ್ಯಕ್ರಮ ಮುಗಿಯಿತು. ಗಿರಿಜಕ್ಕ ವೇದಿಕೆ ಹತ್ತಿಯೇ ಹತ್ತಿದರು, ಆದರೆ ಎಲ್ಲಾ ಮುಗಿದ ಮೇಲೆ. ಕೌಬಾಯ್ ಟೋಪಿಯ ಮೇಲೆಯೇ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಒಶಾವಾದವರು ಇದೂ ಶೋನ ಭಾಗ ಅಂದುಕೊಂಡು ಶಿಳ್ಳೆ ಹೊಡೆದರು. ಕೆಳಗಿಳಿದು ಬಂದು ಗಿರಿಜಕ್ಕ ನನ್ನ ಮೊಣಕೈ ಹಿಡಿದು, “ಕೊನೀಗೆ ಕಣ್ಣಾಗ ನೀರ ಬಂದ್ವು ನೋಡ್ರಿ,” ಅಂದರು. ಹೌದ್ರಿ ಅಂದೆ. ಯಾವ ನೀರು, ಖುಷಿಯದೋ ದುಃಖದ್ದೋ, ಅಂತ ಅವರ ಮುಖ ಓದಲು ನೋಡಿದೆ. ಆಗಲಿಲ್ಲ.

ವಾಪಸ್ ಬರುವಾಗ ಎಂದಿನಂತೆ ಅವಳೇ ಡ್ರೈವಿಂಗ್. ನಿಧಿ ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನಿದ್ದೆ ಹೋದಳು. ಸೂರ್ಯ ಎದುರಿಗೇ ಇಳಿಯುತ್ತಿದ್ದ. ನಾವು ಪಶ್ಚಿಮಕ್ಕೇ ಹೋಗುತ್ತಿದ್ದೆವು. (ಮಿಸ್ಸಿಸ್ಸಾಗಾ ಆ ಕಡೆಗಿದೆ, ಅಷ್ಟೇ. ಆದರೂ ನನಗೆ ಕಸಿವಿಸಿ.) ನಾನು ಬಾಯಿ ನಿಲ್ಲಿಸಲಿಲ್ಲ. ಮೈಕು ಎಷ್ಟು ಚೆನ್ನಾಗಿತ್ತು, ತಂತಿ ಹರಿಯಲೇ ಇಲ್ಲ, ಗ್ಲೆನ್ ಎಷ್ಟು ಗಟ್ಟಿ, ಒಂದೂ ಕೆಡಲಿಲ್ಲ ನೋಡು ಅಂದೆ.

ಅವಳು ಕನ್ನಡಿ ನೋಡಿ ಲೇನ್ ಬದಲಿಸಿದಳು.

“ಕೊನೇ ಚರಣ ಹೆಂಗಿತ್ತು?”

ಓದುಗರೇ, ನಿಜ ಹೇಳಬಹುದಿತ್ತು. ಹೊರಗೆ ಹೋಗಿದ್ದೆ ನೋಡು, ಹೆದರಿಕೆಯಾಯಿತು ಅನ್ನಬಹುದಿತ್ತು. ನಾಲ್ಕೇ ಮಾತು.

“ಭಾಳ ಛಲೋ ಇತ್ತು,” ಅಂದೆ. “ಬದಲಿಸಿದ್ದು ಛಲೋ ಆತು.”

ಒಂದು ಎಕ್ಸಿಟ್ ಹೋಯಿತು. ಇನ್ನೊಂದು ಎಕ್ಸಿಟ್ ಹೋಯಿತು. ಅವಳ ಕೈ ಸ್ಟೇರಿಂಗಿನ ಮೇಲೆ ಇದ್ದಲ್ಲೇ ಇತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ನಾ ಹಾಡಲಿಲ್ಲರೀ ಅದನ್ನ,” ಅಂದಳು. “ಗ್ಲೆನ್‌ಗ ಸನ್ನಿ ಮಾಡಿದೆ. ಅವನ ಬಾರ್ಸಿದ, ಮಾತಿಲ್ದ.”

ಆಮೇಲೆ ಮನೆ ಬರುವವರೆಗೆ ರೇಡಿಯೋ ಮಾತಾಡಿತು.

ಇವತ್ತಿಗೆ ಹತ್ತು ದಿನ. ಅವಳು ಎಂದಿನಂತೆ ಐದಕ್ಕೆ ಏಳುತ್ತಾಳೆ, ಚಹಾ ಮಾಡುತ್ತಾಳೆ, ನನ್ನ ಕಪ್ಪಿನ ಮೇಲೆ ತಟ್ಟೆ ಮುಚ್ಚಿ ಹೋಗುತ್ತಾಳೆ. ಆ ಚರಣ ಅವಳ ನೋಟ್‌ಬುಕ್ಕಿನಲ್ಲಿದೆ, ನೋಟ್‌ಬುಕ್ಕು ಬಸ್ಸಿನಲ್ಲಿದೆ. ನಾನು ಕೇಳಿಲ್ಲ, ಅವಳು ಹೇಳಿಲ್ಲ. ಆಫೀಸಿನಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ, ಸಿಕ್ಕವರೆಲ್ಲಾ ಕಾರ್ಯಕ್ರಮ ಹೇಗಾಯಿತು ಅಂತ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೇನೆ: ಎಲ್ಲಾ ಸುಸೂತ್ರ, ಎರಡನೇ ಸಾಲಿನಲ್ಲಿ ಒಂದು ಕುರ್ಚಿ ಎರಡು ನಿಮಿಷ ಖಾಲಿ ಇತ್ತು, ಅಷ್ಟೇ.